ಯಜಮಾನರ ದನಿಯಲ್ಲಿ ಬರುವ ಕಳ್ಳ

ವೇದಸಂದೂರಿನ ಸುತ್ತಲಿನ ನೂಲಿನ ಗಿರಣಿಗಳಿಗೂ, ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಕ್ಕೂ, ಕಂಬಂ ಕಣಿವೆಯ ದ್ರಾಕ್ಷಿ ವಹಿವಾಟಿಗೂ ಬಾಯಿಮಾತಿನ ನಂಬಿಕೆಯೇ ಆಧಾರ. ಯಜಮಾನರು ಫೋನಿನಲ್ಲಿ ಹೇಳಿದರೆ ಲೆಕ್ಕಿಗರು ಹಣ ಕಳುಹಿಸುತ್ತಾರೆ. ವರ್ತಕರು ಒಪ್ಪಿದರೆ ಲಾರಿ ಹೊರಡುತ್ತದೆ. ಇಲ್ಲಿ ಅನೇಕ ವೇಳೆ ಸಹಿಗಿಂತ ದನಿಗೇ ಬೆಲೆ ಹೆಚ್ಚು. ಆ ದನಿಯನ್ನೇ ಕದಿಯುವ ವಿದ್ಯೆ ಈಗ ಕಳ್ಳರಿಗೆ ಒಲಿದಿದೆ.

ಒಬ್ಬರ ಮಾತಿನ ಅಲ್ಪ ಧ್ವನಿಮುದ್ರಣ ದೊರೆತರೂ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅವರಂತೆಯೇ ಮಾತನಾಡಬಲ್ಲದು. ಮದುವೆಯ ವಿಡಿಯೋ, ಸಂಘದ ಸಭೆಯ ಭಾಷಣ, ವಾಟ್ಸ್‌ಆ್ಯಪ್‌ನ ಧ್ವನಿಸಂದೇಶ ಇವೆಲ್ಲ ಅದಕ್ಕೆ ಆಹಾರ. ಹಿಂದೆ ಮೋಸದ ಪತ್ರವನ್ನು ಅದರ ತಪ್ಪು ಕಾಗುಣಿತದಿಂದಲೇ ಗುರುತಿಸಬಹುದಾಗಿತ್ತು. ಈಗ ಯಂತ್ರವು ತಪ್ಪಿಲ್ಲದ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಪತ್ರ ಬರೆದುಕೊಡುತ್ತದೆ.

2024ರ ಆರಂಭದಲ್ಲಿ ಅರೂಪ್ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರಿಗೆ ಗುಟ್ಟಾಗಿ ಹಣ ವರ್ಗಾಯಿಸಬೇಕೆಂಬ ಸಂದೇಶ ಬಂದಿತು. ಅವರಿಗೆ ಮೊದಲು ಸಂಶಯ ಹುಟ್ಟಿತ್ತು. ಆದರೆ ವಿಡಿಯೋ ಸಭೆಯಲ್ಲಿ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ಕಂಡಾಗ ಆ ಸಂಶಯ ಕರಗಿತು. ಕಂಡವರೆಲ್ಲರೂ ಯಂತ್ರ ಸೃಷ್ಟಿಸಿದ ಬೊಂಬೆಗಳು! ಹದಿನೈದು ಕಂತುಗಳಲ್ಲಿ ಹೋದ ಹಣ ನಮ್ಮ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಮಿಕ್ಕಿದ್ದು.

ಅದೇ ವರ್ಷದ ಆಗಸ್ಟ್‌ನಲ್ಲಿ, ಲೂಧಿಯಾನದ ವರ್ಧಮಾನ್ ನೂಲು ಉದ್ಯಮ ಸಮೂಹದ ಮುಖ್ಯಸ್ಥ ಎಸ್. ಪಿ. ಓಸ್ವಾಲ್ ಅವರು ನಕಲಿ ಅಧಿಕಾರಿಗಳ ಬಲೆಗೆ ಬಿದ್ದರು. ಸುಳ್ಳು ನ್ಯಾಯಾಲಯ, ಮುಖ್ಯ ನ್ಯಾಯಮೂರ್ತಿಯ ಸೋಗು, ಸುಳ್ಳು ಆದೇಶ ಎಲ್ಲವನ್ನೂ ಫೋನಿನ ಪರದೆಯ ಮೇಲೆಯೇ ತೋರಿಸಿ 7 ಕೋಟಿ ರೂಪಾಯಿ ಕಿತ್ತುಕೊಂಡರು. ಅದರಲ್ಲಿ ಬಹುಪಾಲು ಮರಳಿ ದೊರೆತದ್ದು ಪೊಲೀಸರ ಶೀಘ್ರ ಕ್ರಮದಿಂದ. ವೇಷ ಹಾಕಿದ ಮನುಷ್ಯರೇ ಇಷ್ಟು ಮಾಡಬಲ್ಲರಾದರೆ, ಯಾರ ಮುಖವನ್ನಾದರೂ ತೊಡಿಸಬಲ್ಲ ಯಂತ್ರದ ನೆರವು ದೊರೆತಾಗ ಏನಾದೀತೆಂಬುದನ್ನು ನಮ್ಮ ಗಿರಣಿಯವರು ಯೋಚಿಸಬೇಕು. ಇಂಥ ಹಣ ಹೋದರೆ ಹೋಗುವುದು ಯಜಮಾನರ ಲಾಭ ಮಾತ್ರವಲ್ಲ, ಕೂಲಿಕಾರರ ತಿಂಗಳ ಸಂಬಳವೂ ಹೌದು.

ಪಾರಾದವರೂ ಇದ್ದಾರೆ. ಭಾರ್ತಿ ಸಂಸ್ಥೆಯ ಸುನಿಲ್ ಮಿತ್ತಲ್ ಅವರ ದನಿಯಲ್ಲಿಯೇ ದೊಡ್ಡ ಮೊತ್ತವನ್ನು ಕೇಳಿ ಬಂದ ಕರೆಯನ್ನು ಅವರ ಹಿರಿಯ ಅಧಿಕಾರಿ ಎಚ್ಚರದಿಂದ ತಿರಸ್ಕರಿಸಿದರು. ಇಟಲಿಯ ಫೆರಾರಿ ಸಂಸ್ಥೆಯಲ್ಲಿ ಅಧಿಕಾರಿಯೊಬ್ಬರು, "ನೀವು ಈಚೆಗೆ ಸೂಚಿಸಿದ ಪುಸ್ತಕ ಯಾವುದು?" ಎಂಬರ್ಥದ ಒಂದೇ ಪ್ರಶ್ನೆ ಕೇಳಿದರು, ಆ ಕಡೆಯ ಕರೆ ಕಡಿದುಹೋಯಿತು.

ಇವುಗಳಿಂದ ಕಲಿಯಬೇಕಾದ ನಿಯಮಗಳು ಸರಳವಾದವು. ಹಣ ಕೇಳಿ ಕರೆ ಬಂದರೆ ಅದನ್ನು ಮುಗಿಸಿ, ನಮ್ಮ ಪುಸ್ತಕದಲ್ಲಿರುವ ಹಳೆಯ ಸಂಖ್ಯೆಗೆ ನಾವೇ ಮರುಕರೆ ಮಾಡಬೇಕು. ಗೊತ್ತುಪಡಿಸಿದ ಮೊತ್ತವನ್ನು ಮೀರಿದರೆ ಇಬ್ಬರ ಒಪ್ಪಿಗೆ ಬೇಕು. ಸರಕಿನವರು ಬ್ಯಾಂಕ್ ಖಾತೆ ಬದಲಾಗಿದೆಯೆಂದು ಬರೆದರೆ, ಅವರೊಡನೆ ನೇರವಾಗಿ ಮಾತನಾಡದೆ ಬಿಡಿಕಾಸೂ ಕಳುಹಿಸಬಾರದು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಯಜಮಾನರಿಗೆ ಸೇರಿದ್ದು: ಪರಿಶೀಲಿಸುವುದಕ್ಕಾಗಿ ತಡಮಾಡಿದ ಲೆಕ್ಕಿಗರನ್ನು ಗದರಿಸಬಾರದು. ಕಳ್ಳನ ನಿಜವಾದ ಆಯುಧ ಯಂತ್ರವಲ್ಲ, ಯಜಮಾನರನ್ನು ಪ್ರಶ್ನಿಸಲು ನೌಕರನಿಗಿರುವ ಅಂಜಿಕೆ.

ನಮ್ಮ ಜನರಿಗೆ ಇನ್ನೊಂದು ಅನುಕೂಲವುಂಟು. ವ್ಯವಹಾರ ತಮಿಳಿನಲ್ಲಿ ನಡೆದರೂ ಮನೆಯೊಳಗೆ ಆಡುವುದು ನಮ್ಮ ಕನ್ನಡ. ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಆ ಮನೆಮಾತಿನಲ್ಲಿ, ಮನೆಯವರಿಗಷ್ಟೇ ತಿಳಿದ ಸಂಗತಿಯೊಂದನ್ನು ಕೇಳಿದರೆ ಸೋಗಿನವನು ತಡವರಿಸುವ ಸಂಭವ ಹೆಚ್ಚು. ಆದರೆ ಯಂತ್ರವು ಭಾಷೆಗಳನ್ನು ಕಲಿಯುತ್ತಲೇ ಇದೆ. ಅದೊಂದನ್ನೇ ನೆಚ್ಚಿ ಕೂರಲಾಗದು. ಬೀಗಕ್ಕೆ ಹೆಸರಾದ ದಿಂಡಿಗಲ್ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮರುಕರೆ ಮೊದಲ ಬೀಗ, ಮನೆಮಾತು ಎರಡನೆಯದು.

ಎಚ್ಚರ ತಪ್ಪಿ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡಬಾರದು. ಒಡನೆಯೇ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುವ ಮೊದಲೇ ಅದನ್ನು ತಡೆಹಿಡಿಯಲು ಸಾಧ್ಯ. ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ.