ಹೊಸ ಉಳಿಗೆ ಮೊದಲ ಸಾಣೆ

ಅಂಗಡಿಯಿಂದ ತಂದ ಹೊಸ ಉಳಿ ಹರಿತವಾಗಿಯೇ ಇರುತ್ತದೆಂದು ನಾವು ನಂಬಿದ್ದೆವು. ಆ ನಂಬಿಕೆಯ ಗುರುತು ಇಂದಿಗೂ ನಮ್ಮ ಎಡಗೈ ಹೆಬ್ಬೆರಳಿನ ಮೇಲಿದೆ. ಗೋಡೆಪತ್ರಿಕೆಗೆ ಚೌಕಟ್ಟೊಂದನ್ನು ಮಾಡಬೇಕೆಂದು ಬೇಗಂಬಜಾರಿನಲ್ಲಿ ಅರ್ಧ ಅಂಗುಲದ ಉಳಿಯನ್ನು ಕೊಂಡು ಸಾಗುವಾನಿಯ ತುಂಡಿಗೆ ಹಚ್ಚಿದೆವು. ಉಳಿ ಕಡಿಯಲಿಲ್ಲ, ಬಲವನ್ನು ಹೆಚ್ಚಿಸಿದೆವು, ಅದು ಜಾರಿತು. ಅಲಗಿನ ಮುಂದೆ ಕೈಯಿಟ್ಟುಕೊಂಡಿದ್ದುದು ನಮ್ಮದೇ ತಪ್ಪು. ಮರಕ್ಕೆ ಮೊಂಡಾದ ಉಳಿ ಬೆರಳಿಗೆ ಮೊಂಡಲ್ಲವೆಂಬುದು ಅಂದು ತಿಳಿಯಿತು.

ಬಳಿಕ ಜಾಂಬಾಗಿನ ಬಡಗಿಯೊಬ್ಬರ ಬಳಿ ಕುಳಿತು ಈ ವಿದ್ಯೆಯನ್ನು ಕೇಳಿ ತಿಳಿದೆವು. ತೆಲುಗಿನವರಾದ ಅವರಿಗೆ ಅದು ‘ಉಲಿ’, ನಮಗೆ ‘ಉಳಿ’, ತಮಿಳರಿಗೂ ‘ಉಳಿ’ಯೇ. ಊರು ಬಿಟ್ಟು ಬಂದವರಿಗೆ ಇಂತಹ ಪದವೊಂದು ಎದುರಾದರೆ ನೆಂಟರನ್ನು ಕಂಡಂತಾಗುತ್ತದೆ.

ಉಳಿಯ ಬಾಯಿಯೆಂದರೆ ಎರಡು ಮುಖಗಳು ಕೂಡುವ ಗೆರೆ. ಒಂದು ಓರೆಯಾದ ಮುಖ, ಇನ್ನೊಂದು ಚಪ್ಪಟೆಯಾದ ಬೆನ್ನು. ಕಾರ್ಖಾನೆಯ ಚಕ್ರದಲ್ಲಿ ಉಜ್ಜಿದ ಗೀರುಗಳು ಎರಡರ ಮೇಲೂ ಉಳಿದಿರುತ್ತವೆ. ಆ ಗೀರುಗಳು ಅಂಚನ್ನು ಮುಟ್ಟಿದರೆ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಆದುದರಿಂದ ಓರೆಯನ್ನಷ್ಟೇ ಮಸೆದು ಬೆನ್ನನ್ನು ಮರೆತವರ ಶ್ರಮ ವ್ಯರ್ಥ.

ಮೊದಲು ತುಕ್ಕು ಹಿಡಿಯದಿರಲೆಂದು ಬಳಿದಿರುವ ಲೇಪವನ್ನು ಒರೆಸಿ ತೆಗೆಯಬೇಕು. ಆಮೇಲೆ ಸಾಣೆಕಲ್ಲಿಗೆ ಎಣ್ಣೆಯನ್ನೋ ನೀರನ್ನೋ ಹಾಕಿ, ಬೆನ್ನನ್ನು ಅದರ ಮೇಲೆ ಒತ್ತಿ ಹಿಡಿದು ಉಜ್ಜಬೇಕು. ಬಾಯಿಯ ಕಡೆಯ ಒಂದಂಗುಲ ಕನ್ನಡಿಯಂತಾದರೆ ಸಾಕು. ಹಿಡಿಯನ್ನು ಮಾತ್ರ ಎಳ್ಳಷ್ಟೂ ಎತ್ತಕೂಡದು. ಎತ್ತಿದರೆ ಅಂಚು ದುಂಡಾಗುತ್ತದೆ. ನಮ್ಮ ಮನೆಗಳ ನೆಲದ ಶಹಾಬಾದ್ ಕಲ್ಲಿನ ಮೇಲೆ ಚಾಕು ಮಸೆಯುವ ರೂಢಿ ಕೆಲವರಿಗುಂಟು. ಕಲಬುರಗಿ ಜಿಲ್ಲೆಯಿಂದ ಬಂದ ಆ ಕಲ್ಲಿನ ಮೇಲೆ ನಮಗೂ ಅಭಿಮಾನವೇ; ಆದರೆ ಉಳಿಗೆ ಬೇಕಾದಷ್ಟು ಸಮತಟ್ಟು ಅದರಲ್ಲಿಲ್ಲ.

ಇನ್ನು ಓರೆ. ಸಾಮಾನ್ಯವಾಗಿ 25 ಡಿಗ್ರಿಗೆ ಉಜ್ಜಿರುತ್ತಾರೆ. ಗಟ್ಟಿ ಮರಕ್ಕೆ 30 ಡಿಗ್ರಿಯ ಅಂಚು ಹೆಚ್ಚು ಬಾಳುತ್ತದೆ. ಕೋನಮಾಪಕವಿಲ್ಲದೆಯೂ ಇದನ್ನು ಅಳೆಯಬಹುದು: ಓರೆಯ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ ಕೋನ 30 ಡಿಗ್ರಿ. ಏಕೆಂದು ಗಣಿತದ ಮೇಷ್ಟರನ್ನು ಕೇಳಿರಿ. ಓರೆಯನ್ನು ಕಲ್ಲಿನ ಒರಟು ಮುಖದ ಮೇಲೆ, ಅನಂತರ ನಯವಾದ ಮುಖದ ಮೇಲೆ ಮಸೆಯುತ್ತಿದ್ದರೆ ಬೆನ್ನಿನ ಕಡೆ ಕೂದಲೆಳೆಯಂತಹ ಉಕ್ಕಿನ ಸಿಬಿರು ಏಳುತ್ತದೆ. ಬೆರಳಿನಿಂದ ಅಂಚಿನ ಹೊರಕ್ಕೆ ಸವರಿದರೆ ತಗಲುತ್ತದೆ. ಅದು ಅಂಚಿನ ಉದ್ದಕ್ಕೂ ಎದ್ದರೆ ಸಾಣೆ ಬಾಯಿಯವರೆಗೆ ಮುಟ್ಟಿತೆಂದು ಅರ್ಥ. ಆಗ ಬೆನ್ನನ್ನು ಒಂದೆರಡು ಸಲ ಕಲ್ಲಿಗೆ ಸವರಿ, ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆಳೆದು ಸಿಬಿರನ್ನು ಕಳೆಯಬೇಕು. ಅವಸರಪಟ್ಟು ವಿದ್ಯುತ್ ಚಕ್ರಕ್ಕೆ ಹಿಡಿದು ಅಂಚು ನೀಲಿಗಟ್ಟಿತೋ, ಉಕ್ಕಿನ ಹದ ಕೆಟ್ಟಿತು.

ಹರಿತವನ್ನು ಬೆರಳಿನಿಂದ ಪರೀಕ್ಷಿಸಬೇಡಿರಿ. ಅಂಚನ್ನು ಬೆಳಕಿಗೆ ಹಿಡಿಯಿರಿ. ಮೊಂಡಾದ ಕಡೆ ಬಿಳಿಯ ಗೆರೆ ಹೊಳೆಯುತ್ತದೆ, ಹರಿತವಾದ ಅಂಚು ಕಣ್ಣಿಗೇ ಕಾಣದು. ಮೆದುವಾದ ಮರದ ತುದಿಯನ್ನು ಕೆತ್ತಿ ನೋಡುವುದು ಇನ್ನೂ ಮೇಲು. ಮೊಂಡ ಉಳಿ ಮೆದುಮರವನ್ನು ಕಡಿಯದೆ ಜಜ್ಜಿಬಿಡುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದವರೂ ಇಲ್ಲಿನ ನಿರ್ಮಲದವರೂ ಗೊಂಬೆ ಮಾಡುವುದು ಅಂತಹ ಹಗುರವಾದ ಮರದಿಂದಲೇ. 1956ರವರೆಗೆ ಈ ಎರಡು ಊರುಗಳೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು.

ನಮ್ಮ ಚೌಕಟ್ಟು ಈಗ ಗೋಡೆಯ ಮೇಲಿದೆ. ಅದರ ಎಡಗಡೆಯ ಕೆಳಮೂಲೆಯನ್ನು ನೋಡಿದವರಿಗೆ ಕೂಡಿಕೆ ಸಡಿಲವಾಗಿರುವುದು ಕಾಣುತ್ತದೆ. ಅದು ಸಾಣೆಗೆ ಮುಂಚೆ ಕೆತ್ತಿದ್ದು.