ನಂಬರ್ ನೆನಪೈತಿ, ಹೆಸರು ಗೊತ್ತಿಲ್ಲ: ಕೊಪ್ಪಳ ಸೀಮೆಯ ಹಳೆ ಲಾರಿ ದೋಸ್ತರು

ಲಾರಿ ಡ್ರೈವರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯೋದು ಕಡಿಮೆ. ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿಯೇ ಅವರ ಹೆಸರು. ಅದಿಲ್ಲದಿದ್ದರೆ ಊರು: ಕಾರಟಗಿಯವ, ಹನುಮಸಾಗರದವ, ಕುಕನೂರಿನವ. ಹತ್ತು ವರ್ಷ ಒಂದೇ ಡಾಬಾದಲ್ಲಿ ಊಟ ಮಾಡಿದವರಿಗೂ ಎದುರಿಗಿರುವವನ ಪೂರ್ತಿ ಹೆಸರು ಗೊತ್ತಿರುವುದಿಲ್ಲ. ಅವನ ಗಾಡಿಯ ಹಾರ್ನ್ ಮಾತ್ರ ಅರ್ಧ ಕಿಲೋಮೀಟರ್ ದೂರದಿಂದಲೇ ಗುರುತು ಸಿಗುತ್ತೆ.

ನನ್ನ ಸೋದರಮಾವ ಕುಷ್ಟಗಿ ತಾಲ್ಲೂಕಿನವರು. 1977ರಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದರು, 2014ರಲ್ಲಿ ಸ್ಟೇರಿಂಗ್ ಬಿಟ್ಟರು. ಈಗ ವಯಸ್ಸು 65. ನಾನು ಬೆಂಗಳೂರಲ್ಲಿ ಕೋಡ್ ಬರೆಯೋನು, ಲಾರಿಯ ಬಗ್ಗೆ ನನಗೆ ಗೊತ್ತಿದ್ದದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದು ಅಡ್ಡ ಬರುತ್ತೆ ಅನ್ನೋದಷ್ಟೇ. ಕಳೆದ ಕೆಲವು ಹಬ್ಬಗಳ ರಜೆಯಲ್ಲಿ ಮಾವ ಮತ್ತು ಅವರ ನಾಲ್ಕೈದು ಜನ ಹಳೆ ಸ್ನೇಹಿತರ ಜೊತೆ ಕೂತು ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಅವರ ಹೆಸರುಗಳನ್ನು ಹಾಕಿಲ್ಲ.

ನಕ್ಷೆ ತೆರೆದು ನೋಡಿ. ಸೊಲ್ಲಾಪುರದಿಂದ ವಿಜಯಪುರ, ಹುನಗುಂದ, ಇಳಕಲ್, ಕುಷ್ಟಗಿ ದಾಟಿ ಹೊಸಪೇಟೆಗೆ ಇಳಿಯುವ ರಸ್ತೆ ಒಂದು. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಆಂಧ್ರದ ಗುತ್ತಿಗೆ ಹೋಗುವುದು ಇನ್ನೊಂದು. ಹಳಬರಿಗೆ ಇವು ಇವತ್ತಿಗೂ 'ಹದಿಮೂರು' ಮತ್ತು 'ಅರವತ್ಮೂರು'. ಸರ್ಕಾರ ನಮ್ಮ ಜಿಲ್ಲೆಯಲ್ಲಿ ಇವುಗಳ ನಂಬರ್ ಬದಲಿಸಿ 50, 67 ಮಾಡಿದ್ದನ್ನು ಇವರು ಒಪ್ಪಿಕೊಂಡ ಹಾಗೆ ಕಾಣಲ್ಲ. ಎರಡೂ ಕೂಡುವುದು ಹಿಟ್ನಾಳದ ಹತ್ತಿರ, ಅಂದರೆ ನಮ್ಮ ಜಿಲ್ಲೆಯಲ್ಲೇ. ಮುಂಬೈಗೆ ಹೋಗುವವನೂ ಮದ್ರಾಸಿಗೆ ಹೋಗುವವನೂ ಸಮುದ್ರಕ್ಕೆ ಹೋಗುವವನೂ ಇಲ್ಲೇ ಹಾದು ಹೋಗಬೇಕಿತ್ತು. ಹಾಗಾಗಿ ಈ ಸೀಮೆಯ ಹುಡುಗರು ಡ್ರೈವರ್ ಆಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕುಷ್ಟಗಿ, ಯಲಬುರ್ಗಾದ ಹೊಲಕ್ಕೆ ಮಳೆ ನೆಚ್ಚಿಗೆಯಲ್ಲ, ಮನೆಯಲ್ಲಿ ನಾಲ್ಕು ಜನ ಗಂಡುಮಕ್ಕಳಿದ್ದರೆ ಒಬ್ಬ ಲಾರಿ ಹತ್ತುತ್ತಿದ್ದ.

ಗಂಗಾವತಿಯ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂತು, ಭತ್ತ ಬಂತು, ಹಿಂದೆಯೇ ರೈಸ್ ಮಿಲ್ಲುಗಳು ಬಂದವು. ರೈಲು ಮಾತ್ರ ಗಂಗಾವತಿಗೆ ಬಂದದ್ದು 2019ರಲ್ಲಿ. ಅಲ್ಲಿಯವರೆಗೆ ಊರಿಂದ ಅಕ್ಕಿ ಹೊರಗೆ ಹೋಗಿದ್ದು ಲಾರಿಯ ಮೇಲೆಯೇ. ಆಗ ಕ್ವಿಂಟಲ್ ಚೀಲ. ಹಮಾಲರು ನೂರು ಕೆ.ಜಿ.ಯ ಚೀಲವನ್ನು ಬೆನ್ನ ಮೇಲೆ ಹೊತ್ತು ಹಲಗೆ ಹತ್ತುತ್ತಿದ್ದರು. ಈಗ ನಾವು ಅಂಗಡಿಯಿಂದ ತರುವ 25 ಕೆ.ಜಿ. ಬ್ಯಾಗನ್ನು ಲಿಫ್ಟಿನವರೆಗೆ ಒಯ್ಯುವುದರಲ್ಲೇ ಸುಸ್ತಾಗಿರುತ್ತೇವೆ.

ಅಕ್ಕಿ ಲೋಡಿನ ಶತ್ರು ಮಳೆ. ತಾಡಪತ್ರಿಯಲ್ಲಿ ಬೆರಳು ತೂರುವಷ್ಟು ತೂತಿದ್ದರೂ ಐದಾರು ಚೀಲ ಹಾಳು, ಅದರ ದುಡ್ಡು ಡ್ರೈವರನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಿದ್ದರು. ಖಂಡಾಲಾ ಘಾಟಿನಲ್ಲಿ ಮಳೆ ಹಿಡಿದಾಗ ಕ್ಲೀನರ್ ಹುಡುಗ ಲೋಡಿನ ಮೇಲೆ ಹತ್ತಿ, ಹಗ್ಗ ಬಿಗಿದು, ಹರಿದ ಕಡೆ ತಾನೇ ಕವುಚಿ ಮಲಗಿ ಪುಣೆ ಕಡೆಯಿಂದ ಮುಂಬೈವರೆಗೆ ಹೋದದ್ದಿದೆ. ಆ ಹುಡುಗ ನಮ್ಮ ಮಾವ. "ಅಕ್ಕಿ ಉಳೀತು ಅಳಿಯಾ, ನನಗ ಎಂಟು ದಿನ ಜ್ವರ," ಅಂತ ನಗ್ತಾರೆ. ಜ್ವರ ಬಂದ ಎಂಟೂ ದಿನ ಅವರ ಉಸ್ತಾದ್, ಅಂದರೆ ಡ್ರೈವರ್, ವಾಪಸ್ ಬರುವ ಲೋಡನ್ನು ಬಿಟ್ಟು ವಾಶಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದರಂತೆ. ಮಾಲೀಕರ ಬೈಗುಳ ತಿಂದದ್ದು ಉಸ್ತಾದರೇ. ಅವರು ಈಗಿಲ್ಲ.

ಇವರು ಓಡಿಸಿದ ಗಾಡಿಗಳ ಬಗ್ಗೆ ಒಂದು ಮಾತು. ಟಾಟಾ 1210, ಆಮೇಲೆ 1612. ಆ ನಂಬರಿಗೆ ಅರ್ಥವಿದೆ ಅಂತ ನನಗೆ ಗೊತ್ತಾದದ್ದು ಈಗ: ಮೊದಲ ಎರಡು ಅಂಕಿ ಸರಕು ಸೇರಿ ಒಟ್ಟು ತೂಕ ಎಷ್ಟು ಟನ್ ಅಂತ, ಮುಂದಿನ ಎರಡಕ್ಕೆ ಒಂದು ಸೊನ್ನೆ ಸೇರಿಸಿದರೆ ಹೆಚ್ಚುಕಡಿಮೆ ಇಂಜಿನ್ನಿನ ಹಾರ್ಸ್‌ಪವರ್. ನೂರಿಪ್ಪತ್ತು ಹಾರ್ಸ್‌ಪವರ್! ಇವತ್ತು ಆಫೀಸಿನ ಪಾರ್ಕಿಂಗಿನಲ್ಲಿ ನಿಂತಿರುವ ಎಷ್ಟೋ ಎಸ್‌ಯುವಿಗಳಿಗೆ ಅಷ್ಟಿದೆ. ಅದರಲ್ಲಿ ಹದಿನಾರು ಟನ್ ಎಳೆದುಕೊಂಡು ಘಾಟ್ ಹತ್ತಬೇಕು, ಪವರ್ ಸ್ಟೇರಿಂಗ್ ಇಲ್ಲ, ಇಂಜಿನ್ ಪಕ್ಕದಲ್ಲೇ ಕುದಿಯುತ್ತಿರುತ್ತೆ. ಕ್ಯಾಬಿನ್ನಿಗೆ ಎಸಿ ಕಡ್ಡಾಯವಾದದ್ದು 2025ರಲ್ಲಿ, ಅದೂ ಹೊಸದಾಗಿ ತಯಾರಾಗುವ ಲಾರಿಗಳಿಗೆ. ಸುದ್ದಿ ಕೇಳಿ ಮಾವನ ಸ್ನೇಹಿತರೊಬ್ಬರು ಅಂದದ್ದು: "ನಮಗ ಎಸಿ ಅಂದ್ರ ಎರಡೂ ಬಾಗಿಲ ತೆಗೆದು ಓಡಸೋದು."

ಮನೆಗೆ ಸುದ್ದಿ ಮುಟ್ಟಿಸೋದು ಇನ್ನೊಂದು ಪಾಡು. ಎಸ್‌ಟಿಡಿ ಬೂತಿನಲ್ಲಿ ರಾತ್ರಿ 11ರ ಮೇಲೆ ರೇಟು ಕಡಿಮೆ. ಆದರೆ ಊರಲ್ಲಿ ಫೋನಿದ್ದದ್ದು ಕಿರಾಣಿ ಅಂಗಡಿಯಲ್ಲಿ, ಅದು ಒಂಬತ್ತಕ್ಕೇ ಬಾಗಿಲು ಹಾಕುತ್ತಿತ್ತು. ಹಾಗಾಗಿ ಎದುರು ಬರುವ ಊರ ಕಡೆಯ ಗಾಡಿಗೆ ಲೈಟ್ ಹೊಡೆದು ನಿಲ್ಲಿಸಿ, "ಮನ್ಯಾಗ ಹೇಳು, ಇನ್ನೂ ಆರು ದಿನ" ಅನ್ನುವುದೇ ಮೆಸೇಜು. ನನ್ನ ಅತ್ತೆಗೆ ಹೆರಿಗೆಯಾದ ಸುದ್ದಿ ಮಾವನಿಗೆ ಸೊಲ್ಲಾಪುರದ ಆಚೆ ಒಂದು ಡಾಬಾದಲ್ಲಿ ಸಿಕ್ಕಿತು. ಅದನ್ನು ತಂದದ್ದು ಅವರಿಗೆ ಪರಿಚಯವೇ ಇಲ್ಲದ ಸಿಂಧನೂರಿನ ಡ್ರೈವರ್. ನಡುವೆ ನಾಲ್ಕು ಕೈ ಬದಲಾಗಿ, ಗಂಡೋ ಹೆಣ್ಣೋ ಅನ್ನೋದು ಮಾತ್ರ ಉದುರಿಹೋಗಿತ್ತು.

ವಿದೇಶದ ಮಾತೂ ಬಂತು. 1960, 70ರ ದಶಕದಲ್ಲಿ ಇಂಗ್ಲೆಂಡಿನ ಡ್ರೈವರುಗಳು ಟರ್ಕಿ ದಾಟಿ ಇರಾನಿನವರೆಗೆ ಲಾರಿ ಓಡಿಸುತ್ತಿದ್ದರು ಅಂತ ನಾನು ಫೋನಿನಲ್ಲಿ ಫೋಟೋ ತೋರಿಸಿದೆ. ಇವರಿಗೆ ಅಂಥ ರಸ್ತೆಗಳು ಸಿಗಲಿಲ್ಲ. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದಾಗಲೂ ಆರಿಸಿಕೊಂಡ ಕೆಲವು ರಾಜ್ಯಗಳಲ್ಲಷ್ಟೇ ಓಡಿಸಬಹುದಿತ್ತು, ಇಡೀ ದೇಶಕ್ಕೆ ಒಂದೇ ಶುಲ್ಕದ ಪರ್ಮಿಟ್ ಆದದ್ದು 2010ರಲ್ಲಿ. ಗಡಿ ದಾಟಿ ಸರಕು ಸಾಗಿಸುವ ಟಿಐಆರ್ ಒಪ್ಪಂದಕ್ಕೆ ಭಾರತ ಸೇರಿದ್ದು 2017ರಲ್ಲಿ, ಮಾವ ಮನೆಗೆ ಬಂದು ಮೂರು ವರ್ಷವಾದ ಮೇಲೆ. ಆದರೆ ಇವರ ಲೋಡು ಮಾತ್ರ ಹೊರದೇಶಕ್ಕೆ ಹೋಗುತ್ತಿತ್ತು. ಕುಷ್ಟಗಿ, ಇಳಕಲ್ ಕಡೆಯ ಕೆಂಪು ಗ್ರಾನೈಟ್ ಬಂದರಿಗೆ ಹೋಗುತ್ತಿತ್ತು. ಅದಾದ ಮೇಲೆ ಅದಿರು.

ಈ ಅದಿರಿನ ಕಾಲವನ್ನು ನೀವು ಸುದ್ದಿಯಲ್ಲಿ ಬೇರೆ ರೀತಿ ಕೇಳಿರುತ್ತೀರಿ: ಗಣಿ, ಹಗರಣ, ಲೋಕಾಯುಕ್ತ ವರದಿ. ಕ್ಯಾಬಿನ್ನಿನ ಒಳಗಿಂದ ಅದು ಹೇಗಿತ್ತು ಅಂತ ಇವರು ಹೇಳ್ತಾರೆ. 2003–04ರ ಆಸುಪಾಸು ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿತು, ಸಂಡೂರು, ಹೊಸಪೇಟೆ, ಬಳ್ಳಾರಿಯ ಅದಿರಿಗೆ ಚಿನ್ನದ ಬೆಲೆ ಬಂತು. ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿಗೆ ಮುಟ್ಟಿಸಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇವತ್ತಿಗೂ ಕಾಗದದ ಮೇಲೆಯೇ ಇದೆ. ಹಾಗಾಗಿ ಆ ಕೆಂಪು ಮಣ್ಣೆಲ್ಲ ಲಾರಿಯಲ್ಲಿ, ಕೊಪ್ಪಳದ ನಡುವಿನಿಂದ, ಭಾನಾಪುರ, ಗದಗ, ಹುಬ್ಬಳ್ಳಿ, ಯಲ್ಲಾಪುರ ಮೇಲೆ, 280 ಕಿ.ಮೀ. ಆಸುಪಾಸಿನ ದಾರಿ. ಹಗಲು ರಾತ್ರಿ ಸಾಲು ಮುರಿಯುತ್ತಿರಲಿಲ್ಲ. ರಸ್ತೆಯ ಎರಡೂ ಬದಿಯ ಬೇವಿನ ಮರಗಳು ಕೆಂಪಗಾಗಿದ್ದವು. ಹತ್ತು ಗಾಲಿಯ ಲಾರಿ ಸರಕು ಸೇರಿ 25 ಟನ್ ದಾಟಬಾರದು ಅನ್ನುವುದು ಆಗಿನ ಕಾನೂನು. ಅದು ಕಾನೂನಿನ ಪುಸ್ತಕದಲ್ಲಿತ್ತು.

ಎಲ್ಲರೂ ಹೆದರುತ್ತಿದ್ದದ್ದು ಅರಬೈಲ್ ಘಟ್ಟಕ್ಕೆ. ಯಲ್ಲಾಪುರ ದಾಟಿ ಇಳಿಯುವಾಗ ಮಿತಿ ಮೀರಿದ ಲೋಡು ಹಿಂದಿನಿಂದ ದೂಡುತ್ತಿರುತ್ತೆ. ಬ್ರೇಕ್ ತುಳಿದೇ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ, ಸಣ್ಣ ಗೇರಿನಲ್ಲಿ ಇಂಜಿನ್ನಿನ ಮೇಲೆ ಭಾರ ಹಾಕಿ ಇಳಿಸಬೇಕು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಸಿಗುವಾಗ ಸಣ್ಣ ಗೇರಿನಲ್ಲಿ ಇಳಿಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಘಟ್ಟದ ಒಂದೊಂದು ತಿರುವಿಗೂ ಇವರ ಬಾಯಲ್ಲಿ ಒಂದೊಂದು ಗಾಡಿ ನಂಬರ್ ಇದೆ. "ಇಲ್ಲಿ 2290 ಹೋದ. ಇಲ್ಲಿ ಯಲಬುರ್ಗಾದ ಹುಡುಗ, ಮದುವಿ ಆಗಿ ಎರಡು ತಿಂಗಳಾಗಿತ್ತು." ಹೇಳುವಾಗ ಕೈಬೆರಳು ಗಾಳಿಯಲ್ಲೇ ತಿರುವು ತಿರುಗುತ್ತಿತ್ತು.

ಅವರಲ್ಲೊಬ್ಬರು ಅಂದ ಮಾತು ನನ್ನ ತಲೆಯಲ್ಲಿ ಕೂತಿದೆ: "ನಾವು ಚೀನಾ ನೋಡಿಲ್ಲ ತಮ್ಮಾ. ಚೀನಾಕ್ಕ ಹೋಗೋ ಮಣ್ಣು ಮಾತ್ರ ನಮ್ಮ ಎದಿಯಾಗ ಅರ್ಧ ಐತಿ." ಮಾತು ಮುಗಿಸಿ ಕೆಮ್ಮಿದರು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಬೇಕಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಾಲ ಮಾಡಿ ಒಂದೇ ಒಂದು ಗಾಡಿ ತೆಗೆದುಕೊಂಡಿದ್ದ ಡ್ರೈವರ್-ಮಾಲೀಕರ ಲಾರಿಗಳು ಬೇಲಿ ಪಕ್ಕ ನಿಂತಲ್ಲೇ ತುಕ್ಕು ಹಿಡಿದವು. ಫೈನಾನ್ಸಿನವರು ಕೆಲವನ್ನು ಎಳೆದುಕೊಂಡು ಹೋದರು. ಒಟ್ಟಿಗೆ ಓಡಾಡುತ್ತಿದ್ದವರು ಚದುರಿದ್ದು ಆಗಲೇ. ಒಬ್ಬ ಗೋವಾಕ್ಕೆ, ಒಬ್ಬ ಬೆಂಗಳೂರಿನಲ್ಲಿ ನೀರಿನ ಟ್ಯಾಂಕರ್‌ಗೆ, ಒಬ್ಬ ಸ್ಕೂಲ್ ಬಸ್ಸಿಗೆ. ಮೊಬೈಲ್ ನಂಬರ್ ಬದಲಾದವು, ಅಲ್ಲಿಗೆ ಸಂಪರ್ಕ ಮುಗಿಯಿತು.

ಇವರ ಮಾತಿನಲ್ಲಿ 'ಹೋದ' ಅನ್ನುವ ಪದ ಎರಡು ರೀತಿ ಬರುತ್ತೆ. ಅಪಘಾತದಲ್ಲಿ ಹೋದವರ ಬಗ್ಗೆ ಜಾಗ, ಹೊತ್ತು, ಲೋಡು ಎಲ್ಲ ಹೇಳ್ತಾರೆ. ಇನ್ನು ಕೆಲವರ ಹೆಸರು ಬಂದಾಗ "ಅವ ಹೋದ್ನಪಾ" ಅಂದು ಬೀಡಿ ಹಚ್ಚುತ್ತಾರೆ. ತೊಂಬತ್ತರ ದಶಕ ಮತ್ತು ಅದರ ಮುಂದಿನ ಕೆಲವು ವರ್ಷ ಎಚ್‌ಐವಿ ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆ, ಕೊಪ್ಪಳ ಎರಡೂ ಇದ್ದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಔಷಧ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ, ಅದೂ ಮೊದಲಿಗೆ ಕೆಲವೇ ಕೇಂದ್ರಗಳಲ್ಲಿ. ಅದಕ್ಕೂ ಮುಂಚೆ ಕಾಯಿಲೆ ಬಿದ್ದವರಿಗೆ ಔಷಧ ಸಿಗಲಿಲ್ಲ, ಊರಲ್ಲಿ ಮಾತು ಮಾತ್ರ ಸಿಕ್ಕಿತು. ಲಾರಿ ಡ್ರೈವರ್ ಅಂದರೆ ಹೆಣ್ಣು ಕೊಡಲು ಹಿಂದೆ ಸರಿಯುತ್ತಿದ್ದ ಕಾಲ ಅದು. ಮಾವ ಇದರ ಬಗ್ಗೆ ಮಾತಾಡಿದ್ದು ಒಂದೇ ಸಲ: ಕುಕನೂರು ಕಡೆಯ ಒಬ್ಬ ಸ್ನೇಹಿತನ ಹೆಂಡತಿ, ಮಕ್ಕಳಿಗೆ ಮೂರು ವರ್ಷ ಇವರೆಲ್ಲ ತಿಂಗಳಿಗಿಷ್ಟು ಅಂತ ಸೇರಿಸಿ ಕೊಟ್ಟರಂತೆ. ಮನೆಯವರು ಬಾಗಿಲಿಗೆ ಬರದ ದಿನಗಳಲ್ಲಿ ಹೋಗಿ ಬಂದವರು ಗಾಡಿಯವರೇ.

ಇವರ ಕಾಲದ ಕಾನೂನು ಏನು ಹೇಳುತ್ತಿತ್ತು ಅಂತ ಹುಡುಕಿದೆ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಇರಬೇಕಿತ್ತು. ಓದಿ ಹೇಳಿದಾಗ ಎಲ್ಲರೂ ಜೋರಾಗಿ ನಕ್ಕರು, ಒಬ್ಬರು ಇನ್ನೊಮ್ಮೆ ಓದು ಅಂದರು. ಪಿಎಫ್ ಯಾರಿಗೂ ಇಲ್ಲ. ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಶುರುವಾದದ್ದು 2021ರ ಆಗಸ್ಟಿನಲ್ಲಿ, ವಯಸ್ಸಿನ ಮಿತಿ 16ರಿಂದ 59. ಮಾವನಿಗೆ ಆಗಲೇ 61. ಈಗ ಅವರ ಕೈಗೆ ಬರಬಹುದಾದದ್ದು ಸಂಧ್ಯಾ ಸುರಕ್ಷಾದ ತಿಂಗಳಿಗೆ 1,200 ರೂಪಾಯಿ. ಅದಕ್ಕೆ ಅರ್ಜಿ ಹಾಕಿದ್ದೇವೆ. ವೃತ್ತಿ ಅನ್ನುವ ಜಾಗದಲ್ಲಿ ಅರ್ಜಿ ತುಂಬುವ ಹುಡುಗ ತಾನಾಗಿ 'ಕೃಷಿ' ಅಂತ ಬರೆದ. ಮಾವ ತಿದ್ದಿಸಿದರು.

ಹಳೆ ದೋಸ್ತರನ್ನು ಹುಡುಕಿಕೊಡು ಅಂತ ಅವರು ಕೇಳಿದಾಗ ಇದು ನನ್ನ ಕೆಲಸ ಅನ್ನಿಸಿತು. ಗಾಡಿ ನಂಬರ್ ಹೇಗೂ ಅವರಿಗೆ ಬಾಯಿಪಾಠ. ನಮ್ಮ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹಾಗಾಗಿ ಹಳೆಯವು ಕೆಎ 36, ಆಮೇಲಿನವು ಕೆಎ 37 ಅನ್ನುವುದನ್ನೂ ಅವರೇ ಹೇಳಿಕೊಟ್ಟರು. ಎಂಪರಿವಾಹನ್‌ನಲ್ಲಿ ಹಾಕಿದೆ. ಕೆಲವಕ್ಕೆ ದಾಖಲೆಯೇ ಇಲ್ಲ, ಕೆಲವಕ್ಕೆ ಲಾರಿಯ ಜಾತಕ ಬಂತು: ಯಾವ ಇಂಧನ, ಯಾವಾಗ ನೋಂದಣಿ, ಮಾಲೀಕರ ಹೆಸರಿನ ನಾಲ್ಕಾರು ಅಕ್ಷರ. ಡ್ರೈವರ್ ಎಲ್ಲೂ ಇಲ್ಲ. ಈಗಿನ ವ್ಯವಸ್ಥೆಯನ್ನೂ ನೋಡಿದೆ. ಇ-ವೇ ಬಿಲ್ಲಿನಲ್ಲಿ ಕಳಿಸಿದವರು, ಪಡೆಯುವವರು, ಸರಕಿನ ಬೆಲೆ, ವಾಹನದ ನಂಬರ್ ಇದೆ, ಡ್ರೈವರನ ಹೆಸರಿಗೆ ಕಾಲಂ ಇಲ್ಲ. ಫಾಸ್ಟ್‌ಟ್ಯಾಗ್ ಇರುವುದೂ ಗಾಡಿಗೆ. ಮಾವನ ಟ್ರಂಕಿನಲ್ಲಿ ಹಳೆ ಬಿಲ್ಟಿ ಚೀಟಿಗಳ ಒಂದು ಕಟ್ಟು ಇದೆ, ಅದರ ಕೆಳಗೆ ಡ್ರೈವರ್ ಸಹಿ ಅಂತ ಒಂದು ಗೆರೆಯಾದರೂ ಇತ್ತು. ಮೊದಮೊದಲ ಚೀಟಿಗಳಲ್ಲಿ ಮಾವನ ಹೆಬ್ಬೆಟ್ಟಿದೆ, ಆಮೇಲೆ ಸಹಿ. ಸಹಿ ಕಲಿಸಿದ್ದು ವಾಶಿಯ ಒಬ್ಬ ಟ್ರಾನ್ಸ್‌ಪೋರ್ಟ್ ಗುಮಾಸ್ತರಂತೆ.

ಆ್ಯಪಿನಿಂದ ಒಬ್ಬರೂ ಸಿಗಲಿಲ್ಲ. ಸಿಕ್ಕಿದ್ದು ಪಂಕ್ಚರ್ ಅಂಗಡಿಗಳಿಂದ. ಕುಷ್ಟಗಿಯ ಅಂಗಡಿಯವರು ತಾವರಗೇರಾದವರನ್ನು ಕೇಳಿದರು, ಅವರು ಗಂಗಾವತಿಯ ಟೈರ್ ರೀಟ್ರೇಡಿಂಗಿನವರಿಗೆ ಫೋನ್ ಮಾಡಿದರು, ಎರಡು ವಾರದಲ್ಲಿ ಮಾವನ ಹಳೆ ಕ್ಲೀನರ್ ಕಾರಟಗಿಯಲ್ಲಿ ಇದ್ದಾರೆ ಅಂತ ಸುದ್ದಿ ಬಂತು. ಅವರಿಗೂ ಈಗ ಮೊಮ್ಮಗ. ವಿಡಿಯೊ ಕಾಲ್ ಹಚ್ಚಿಕೊಟ್ಟೆ. ಇಬ್ಬರೂ ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಆ ಕಡೆಯವರು ಕೇಳಿದ್ದು, "ಉಸ್ತಾದ್, ಊಟ ಆತೇನ್ರಿ?"

ಇನ್ನೊಬ್ಬರು ಸಿಕ್ಕಿಲ್ಲ. ಅದಿರಿನ ಕಾಲದವರು, ಕೊನೆಯ ಅಂಕಿ 4011, ಹಳದಿ ಕ್ಯಾಬಿನ್, ಮುಂದೆ ಗವಿಸಿದ್ಧೇಶ್ವರರ ಫೋಟೋ. ಯಲಬುರ್ಗಾ ತಾಲ್ಲೂಕಿನವರು, ಊರು ಬೇವೂರೋ ಮಂಗಳೂರೋ ಅಂತ ಮಾವನಿಗೆ ಗೊಂದಲ (ಕರಾವಳಿಯದಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು). 2009ರ ಮಳೆಗಾಲದಲ್ಲಿ ಅರಬೈಲಿನಲ್ಲಿ ಮಾವನ ಗಾಡಿಯ ಬ್ರೇಕ್ ಹೋದಾಗ ಇವರು ತಮ್ಮ ಲಾರಿಯನ್ನು ಮುಂದೆ ತಂದು, ಮಾವನ ಬಂಪರನ್ನು ತಮ್ಮ ಹಿಂಭಾಗಕ್ಕೆ ತಾಗಿಸಿಕೊಂಡು, ಇಬ್ಬರ ಭಾರವನ್ನೂ ಒಂದೇ ಇಂಜಿನ್ನಿನಲ್ಲಿ ಹಿಡಿದು ಕೆಳಗಿನವರೆಗೆ ಇಳಿಸಿದರು. ನಿಮ್ಮ ಮನೆಯಲ್ಲಿ ಯಾರಾದರೂ ಆ ಘಟ್ಟದ ಕಥೆಯನ್ನು ಮುಂದಿನ ಲಾರಿಯ ಕಡೆಯಿಂದ ಹೇಳಿದ್ದರೆ, ಓದುಗರ ಅಂಕಣಕ್ಕೆ ಎರಡು ಸಾಲು ಬರೆಯಿರಿ.