ಪಾದ ಹೇಳಿದ್ದು, ಎಂಜಿನ್ ಕೇಳಿದ್ದು

ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ಒಂದು ಅಡ್ಡರಸ್ತೆಯಲ್ಲಿರುವ ಆ ಸಣ್ಣ ಗ್ಯಾರೇಜಿಗೆ ಬರುವ ಫೋಕ್ಸ್‌ವ್ಯಾಗನ್ ಪೊಲೊ ಜಿಟಿ ಮಾಲೀಕರದೆಲ್ಲ ಹೆಚ್ಚುಕಡಿಮೆ ಒಂದೇ ದೂರು. ಎಂಜಿನ್ ಚೆನ್ನಾಗಿದೆ, ಹೈವೇಯಲ್ಲಿ ಓಡುತ್ತದೆ, ಆದರೆ ಸಿಗ್ನಲ್ ಬಿಟ್ಟಾಗ ಪಿಕಪ್ ಇಲ್ಲ. ಕಾಲು ಒತ್ತಿದರೂ ಗಾಡಿ ಒಂದು ಗಳಿಗೆ ಯೋಚಿಸಿ ಆಮೇಲೆ ಹೊರಡುತ್ತದೆ. ದೂರು ಕೇಳಿದ ಮೇಸ್ತ್ರಿ ಬಾನೆಟ್ ಎತ್ತುವುದಿಲ್ಲ. ಡ್ರೈವರ್ ಬಾಗಿಲು ತೆಗೆದು, ನೆಲಕ್ಕೆ ಮಂಡಿಯೂರಿ, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ, ಆಕ್ಸಿಲರೇಟರ್ ಪೆಡಲಿಗೆ ಸಿಕ್ಕಿಸಿರುವ ಪ್ಲಗ್ಗನ್ನು ಬೆರಳಲ್ಲಿ ಹುಡುಕುತ್ತಾರೆ.

ಆ ಪ್ಲಗ್ಗಿಗೂ ಪೆಡಲಿಗೂ ನಡುವೆ ಅವರು ಸೇರಿಸುವುದು ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಡಬ್ಬಿ. ಥ್ರಾಟಲ್ ಕಂಟ್ರೋಲರ್ ಎಂದು ಕೆಲವರು, ಪೆಡಲ್ ಬಾಕ್ಸ್ ಎಂದು ಹಲವರು ಕರೆಯುತ್ತಾರೆ. ಜರ್ಮನಿಯ ರೆಕ್ಲಿಂಗ್‌ಹೌಸನ್ ಊರಿನ ಡಿಟಿಇ ಸಿಸ್ಟಮ್ಸ್ 'ಪೆಡಲ್‌ಬಾಕ್ಸ್' ಎಂಬ ಹೆಸರಿನಲ್ಲೇ ಮಾರುತ್ತದೆ. ಅದೇ ದೇಶದ ರೇಸ್‌ಚಿಪ್ ಕಂಪನಿಯದು 'ಎಕ್ಸ್‌ಎಲ್‌ಆರ್'. ಕಾರಿನ ಉಳಿದ ಯಾವ ಭಾಗಕ್ಕೂ ಕೈ ಹಚ್ಚುವ ಅಗತ್ಯವಿಲ್ಲ. ಕೀಲಿ ತೆಗೆದು, ಗಾಡಿಯ ಕಂಪ್ಯೂಟರು ಪೂರ್ತಿ ನಿದ್ದೆಗೆ ಜಾರುವ ತನಕ ಕಾಯಬೇಕು. ಎಚ್ಚರವಿರುವಾಗಲೇ ಪ್ಲಗ್ ಕಿತ್ತರೆ ಎದುರಿನ ಫಲಕದಲ್ಲಿ ಎಚ್ಚರಿಕೆ ದೀಪ ಹತ್ತಿ ಕೂರುತ್ತದೆ. ಆ ಕಾಯುವಿಕೆ ಬಿಟ್ಟರೆ ಜೋಡಣೆ ಕೆಲವೇ ನಿಮಿಷಗಳ ಕೆಲಸ. ನನ್ನನ್ನು ಆ ಗ್ಯಾರೇಜಿಗೆ ಎಳೆದದ್ದು ಈ ಜೋಡಣೆಯಲ್ಲ, ಜೋಡಿಸಿದ ಮೇಲೆ ಮೇಸ್ತ್ರಿ ಮಾಡುವ ಕೆಲಸ. ಅದಕ್ಕೆ ಬರುವ ಮುನ್ನ ಪೆಡಲಿನ ಕತೆ ಸ್ವಲ್ಪ ಹೇಳಬೇಕು.

ಮಾರುತಿ 800 ಓಡಿಸಿದವರಿಗೆ ನೆನಪಿರುತ್ತದೆ: ಪೆಡಲಿನ ಬೆನ್ನಿಗೆ ಒಂದು ಉಕ್ಕಿನ ಕೇಬಲ್, ಅದರ ಇನ್ನೊಂದು ತುದಿ ಕಾರ್ಬುರೇಟರಿಗೆ. ಕಾಲು ಎಷ್ಟು ಇಳಿಯಿತೋ ಅಲ್ಲಿ ಗಾಳಿಯ ಕವಾಟ ಅಷ್ಟು ತೆರೆಯಿತು. ಇಂದಿನ ಪೆಡಲಿಗೆ ಕೇಬಲ್ ಇಲ್ಲ. ಅದರೊಳಗೆ ಎರಡು ಸೆನ್ಸರ್‌ಗಳಿವೆ. ಕಾಲಿನ ಸ್ಥಾನವನ್ನು ಎರಡೂ ಬೇರೆ ಬೇರೆಯಾಗಿ ಅಳೆದು, ವೋಲ್ಟೇಜಿನ ರೂಪದಲ್ಲಿ ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಕಳಿಸುತ್ತವೆ. ಹಲವು ಕಾರುಗಳಲ್ಲಿ ಎರಡನೆಯದರ ವೋಲ್ಟೇಜು ಮೊದಲನೆಯದರ ಸರಿಯಾಗಿ ಅರ್ಧ. ಒಂದೇ ಸಂಗತಿಗೆ ಎರಡು ಸಾಕ್ಷಿ ಏಕೆಂದರೆ, ಒಂದು ಸೆನ್ಸರ್ ಕೆಟ್ಟು ತಪ್ಪು ಹೇಳಿದರೆ ಕಾರು ತನ್ನಷ್ಟಕ್ಕೆ ನುಗ್ಗಿಬಿಡಬಾರದು. ಎರಡು ಸಾಕ್ಷಿಗಳ ಲೆಕ್ಕ ತಾಳೆಯಾಗದಿದ್ದ ಕ್ಷಣ ಇಸಿಯು ಎಂಜಿನ್ನಿನ ಬಲವನ್ನು ಕಟ್ಟಿಹಾಕಿ, ಗ್ಯಾರೇಜಿಗೆ ತೆವಳಿಕೊಂಡು ಹೋಗುವಷ್ಟು ಮಾತ್ರ ಬಿಡುತ್ತದೆ. ಪ್ರಯಾಣಿಕರ ಕಾರುಗಳಲ್ಲಿ ಈ ಏರ್ಪಾಡು ಮೊದಲು ಕಾಣಿಸಿದ್ದು 1980ರ ದಶಕದ ಕೊನೆಗೆ, ಹನ್ನೆರಡು ಸಿಲಿಂಡರಿನ ಬಿಎಂಡಬ್ಲ್ಯು 750ರಂಥ ದೊಡ್ಡ ಗಾಡಿಗಳಲ್ಲಿ. ಮುಂದೆ ಸಣ್ಣ ಕಾರುಗಳಿಗೂ ಇಳಿಯಿತು.

ಇಲ್ಲಿ ಬದಲಾದದ್ದು ತಂತಿ ಮಾತ್ರವಲ್ಲ, ಅಧಿಕಾರವೂ ಹೌದು. ಪಾದ ಈಗ ಕವಾಟ ತೆರೆಯುವುದಿಲ್ಲ, ಕೋರಿಕೆ ಸಲ್ಲಿಸುತ್ತದೆ. ಎಷ್ಟು ಎಳೆತ ಕೊಡಬೇಕು, ಎಷ್ಟು ಬೇಗ ಕೊಡಬೇಕು ಎಂದು ಇಸಿಯು ತೀರ್ಮಾನಿಸುತ್ತದೆ. ಹೊಗೆಯ ನಿಯಮ, ಮೈಲೇಜು, ಹಿಂದೆ ಕೂತವರ ಸುಖ, ಗೇರ್‌ಬಾಕ್ಸಿನ ಆಯಸ್ಸು ಎಲ್ಲ ಆ ತೀರ್ಮಾನದಲ್ಲಿ ಸೇರಿರುತ್ತವೆ. 2013ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಪೊಲೊ ಜಿಟಿ ಟಿಎಸ್‌ಐಯನ್ನೇ ನೋಡಿ. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್, ಜೊತೆಗೆ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. ಆ ಡಿಎಸ್‌ಜಿಯ ಜೋಡಿ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್‌ಗಳು. ಅಂಥ ಗಾಡಿಗೆ ನಿಂತಲ್ಲಿಂದ ಹೊರಡುವಾಗ ಹಿಡಿತ ಇಟ್ಟುಕೊಳ್ಳಲು ಕಾರಣಗಳಿವೆ. ಹಾಗಾಗಿ ಪೆಡಲಿನ ಮೊದಲ ಮೂರನೇ ಒಂದು ಭಾಗ ಮಂಕು.

ಡಬ್ಬಿ ಈ ಮಂಕಿನ ಮೇಲೆ ಕೆಲಸ ಮಾಡುತ್ತದೆ. ಪೆಡಲಿನಿಂದ ಬಂದ ಎರಡೂ ವೋಲ್ಟೇಜುಗಳನ್ನು ಓದಿ, ಏರಿಸಿ, ಎರಡರ ನಡುವಿನ ಅನುಪಾತ ಕೆಡದಂತೆ ಇಸಿಯುಗೆ ದಾಟಿಸುತ್ತದೆ. ಕಿವಿ ಮಂದವಾದ ಅಜ್ಜನಿಗೆ ಪಕ್ಕದಲ್ಲಿ ಕೂತವರು ಅದೇ ಮಾತನ್ನು ಗಟ್ಟಿಯಾಗಿ ಹೇಳಿದ ಹಾಗೆ. ಕಾಲು ಅರ್ಧ ಒತ್ತಿದ್ದರೆ ಇಸಿಯುಗೆ ಮುಕ್ಕಾಲು ಒತ್ತಿದಂತೆ ಕೇಳಿಸುತ್ತದೆ. ಕಾಲು ತೆಗೆದಾಗ ಮಾತ್ರ ಸೊನ್ನೆ ಸೊನ್ನೆಯಾಗಿಯೇ ಇರಬೇಕು, ಪೂರ್ತಿ ಒತ್ತಿದಾಗ ಪೂರ್ತಿ ಪೂರ್ತಿಯಾಗಿಯೇ.

ಇಷ್ಟರಲ್ಲೇ ಒಂದು ಸತ್ಯವೂ ಹೊರಬಿತ್ತು. ಪೆಡಲನ್ನು ನೆಲಕ್ಕೆ ತಾಗಿಸಿ ಓಡಿಸುವವನಿಗೆ ಈ ಡಬ್ಬಿಯಿಂದ ಏನೂ ಸಿಗದು. ಕುದುರೆಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ. ಟರ್ಬೊ ತಿರುಗಿ ಗಾಳಿ ತುಂಬಲು ಬೇಕಾದ ಹೊತ್ತು ಬೇಕೇ ಬೇಕು. ಇಸಿಯುವಿನೊಳಗೆ ಬರೆದಿರುವ ತಡೆಗಳೂ ಇದ್ದಲ್ಲೇ ಇರುತ್ತವೆ. ಅದನ್ನೇ ತಿದ್ದಬೇಕೆಂದರೆ ರೀಮ್ಯಾಪ್ ಮಾಡಿಸಬೇಕು, ಅದು ಬೇರೆಯೇ ಕಸುಬು, ಬೇರೆಯೇ ಖರ್ಚು. 'ಪವರ್ ಹೆಚ್ಚಿಸುವ ಡಬ್ಬಿ' ಎಂದು ಇದನ್ನು ಮಾರುವವರು ಗಿರಾಕಿಗೆ ಮೋಸ ಮಾಡುತ್ತಿದ್ದಾರೆ. ನಮ್ಮ ಮೇಸ್ತ್ರಿ ಆ ಮಾತನ್ನು ಮೊದಲೇ ಹೇಳಿಬಿಡುತ್ತಾರೆ. ಕೇಳಿ ಎದ್ದು ಹೋಗುವವರೂ ಇದ್ದಾರೆ. ಹೋಗಲಿ ಎನ್ನುತ್ತಾರೆ.

ಮೇಸ್ತ್ರಿಗೆ ಅರವತ್ತು ದಾಟಿದೆ. ಹೆಸರು ಹಾಕುವುದು ಬೇಡ ಎಂದರು. ಕೆಲಸ ಕಲಿತದ್ದು ಜೆ.ಸಿ. ರಸ್ತೆಯ ಹಿಂಬದಿಯ ಗ್ಯಾರೇಜೊಂದರಲ್ಲಿ, ಪ್ರೀಮಿಯರ್ ಪದ್ಮಿನಿಗಳ ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ತೊಳೆಯುವ ಹುಡುಗನಾಗಿ. ಆ ಕಾಲಕ್ಕೂ ಪಿಕಪ್ ಇಲ್ಲ ಎಂಬ ದೂರು ಇತ್ತು. ಅದಕ್ಕೆ ಮದ್ದು ಕಾರ್ಬುರೇಟರಿನೊಳಗಿನ ಆಕ್ಸಿಲರೇಟರ್ ಪಂಪ್. ಕಾಲನ್ನು ಥಟ್ಟನೆ ಒತ್ತಿದಾಗ ಗಾಳಿ ಮೊದಲು ನುಗ್ಗಿ ಪೆಟ್ರೋಲು ಹಿಂದೆ ಬೀಳುತ್ತದೆ. ಎಂಜಿನ್ ಒಮ್ಮೆ ಉಸಿರು ಕಟ್ಟುತ್ತದೆ. ಆ ಕೊರತೆ ತುಂಬಲು ಪಂಪು ಒಂದು ಚಿಮ್ಮು ಪೆಟ್ರೋಲನ್ನು ಹೆಚ್ಚಿಗೆ ಹಾರಿಸುತ್ತದೆ. ಚಿಮ್ಮು ಕಡಿಮೆಯಾದರೆ ಗಾಡಿ ತಡವರಿಸುತ್ತದೆ, ಜಾಸ್ತಿಯಾದರೆ ಕಪ್ಪು ಹೊಗೆ. ಅದರ ಸರಳನ್ನು ಕೂದಲೆಳೆಯಷ್ಟು ಬಾಗಿಸಿ ಹದಕ್ಕೆ ತರುವುದು ದೊಡ್ಡ ಮೇಸ್ತ್ರಿಗಳು ಯಾರಿಗೂ ತೋರಿಸದ ವಿದ್ಯೆ. ಇವರು ಅದನ್ನು ಕದ್ದು ನೋಡಿ ಕಲಿತರು. ಕೆ-1000 ರ್‍ಯಾಲಿಗೆ ಹೊರಟ ಕಾರುಗಳ ಹಿಂದೆ ಜೀಪಿನಲ್ಲಿ ಸ್ಪ್ಯಾನರ್ ಡಬ್ಬ ಹೊತ್ತು ಹೋಗಿದ್ದರು. ಮುಂದೆ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ್‍ಯಾಲಿಗಳಿಗೂ. ತೋಟದ ಜಾರುವ ಮಣ್ಣಿನಲ್ಲಿ ಗಾಡಿಗೆ ಬಲಕ್ಕಿಂತ ವಿಧೇಯತೆ ಮುಖ್ಯ ಎನ್ನುವುದು ಅಲ್ಲಿ ಅವರು ಕಂಡುಕೊಂಡ ಸಂಗತಿ.

2000ದ ಸುಮಾರಿಗೆ ಹೊಗೆಯ ಹೊಸ ನಿಯಮಗಳು ಬಂದು ಹೊಸ ಕಾರುಗಳಿಂದ ಕಾರ್ಬುರೇಟರು ಮಾಯವಾಯಿತು. ಆ ಕಸುಬಿನವರು ಹಲವರು ಟಿಂಕರಿಂಗಿಗೋ ಟೈರ್ ಅಂಗಡಿಗೋ ಹೋದರು. ಇವರು ಹೋಗಲಿಲ್ಲ. ಪಕ್ಕದ ಆಡುಗೋಡಿಯಲ್ಲೇ ಆಗ ಮೈಕೋ ಕಾರ್ಖಾನೆ ಇತ್ತು, ಅಂದರೆ ಈಗಿನ ಬಾಷ್ ಕಂಪನಿಯದು. ಅಲ್ಲಿ ದುಡಿಯುತ್ತಿದ್ದ ಗಿರಾಕಿಗಳನ್ನು ಕೂರಿಸಿಕೊಂಡು ಸೆನ್ಸರ್ ಎಂದರೇನು, ಐದು ವೋಲ್ಟಿನ ಲೆಕ್ಕ ಹೇಗೆ ಎಂದು ಕೇಳಿ ತಿಳಿದುಕೊಂಡರು.

ಡಬ್ಬಿ ಜೋಡಿಸಿದ ಮೇಲೆ ಮೇಸ್ತ್ರಿ ಡ್ರೈವರ್ ಸೀಟಿನಲ್ಲಿ ಕೂರುವುದಿಲ್ಲ, ಪಕ್ಕದ ಸೀಟಿನಲ್ಲಿ ಕೂರುತ್ತಾರೆ. "ಸಾರ್, ನೀವು ದಿನಾ ಹೆಂಗೆ ಓಡಿಸ್ತೀರೋ ಹಂಗೇ ಓಡಿಸಿ. ನಾನಿದೀನಿ ಅಂತ ಚೆನ್ನಾಗಿ ಓಡಿಸಬೇಡಿ." ಡಬಲ್ ರೋಡು, ರಿಚ್ಮಂಡ್ ಸರ್ಕಲ್ ಫ್ಲೈಓವರಿನ ಏರು, ಇಳಿದು ಲಾಲ್‌ಬಾಗಿನ ಕಡೆಗೆ. ದಾರಿಯುದ್ದಕ್ಕೂ ಅವರ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಗಿರಾಕಿಯ ಬಲಗಾಲಿನ ಮೇಲಿರುತ್ತದೆ. ಹಿಮ್ಮಡಿ ನೆಲಕ್ಕೆ ಊರಿದೆಯೇ, ಗಾಳಿಯಲ್ಲಿದೆಯೇ? ಶೂ ಹಾಕುವವರೋ, ಚಪ್ಪಲಿಯಲ್ಲೇ ಓಡಿಸುವವರೋ? ಹಂಪ್ ದಾಟುವಾಗ ಪಾದ ಪೆಡಲಿನ ಮೇಲೆ ಕುಣಿಯುತ್ತದೆಯೇ?

ಈ ಕೊನೆಯ ಪ್ರಶ್ನೆ ನಮ್ಮ ಊರುಗಳಲ್ಲಿ ದೊಡ್ಡದು. ಪೆಡಲು ಚುರುಕಾದಷ್ಟೂ ಗುಂಡಿಗಳ ಮೇಲೆ ಪಾದದ ಸಣ್ಣ ನಡುಕವೂ ಎಂಜಿನ್ನಿಗೆ ಆಜ್ಞೆಯಾಗಿ ಕೇಳಿಸುತ್ತದೆ. ಗಾಡಿ ಜಗ್ಗುತ್ತದೆ, ಜಗ್ಗಿದ್ದಕ್ಕೆ ಪಾದ ಮತ್ತೆ ಅಲುಗುತ್ತದೆ, ಗಾಡಿ ಇನ್ನೂ ಜಗ್ಗುತ್ತದೆ. ಹಿಮ್ಮಡಿ ಊರದೆ ಓಡಿಸುವವರನ್ನು ಮೇಸ್ತ್ರಿ ಡಬ್ಬಿಯ ಕಡಿಮೆ ಮೆಟ್ಟಿಲಿನಲ್ಲೇ ನಿಲ್ಲಿಸುತ್ತಾರೆ, ಅವರೆಷ್ಟೇ ಗೋಗರೆದರೂ. ಡಬ್ಬಿಯಲ್ಲಿ ಸಿಟಿ, ಸ್ಪೋರ್ಟ್, ಸ್ಪೋರ್ಟ್ ಪ್ಲಸ್ ಎಂಬ ಕಾರ್ಯಕ್ರಮಗಳಿರುತ್ತವೆ, ಒಂದೊಂದರೊಳಗೂ ಸಣ್ಣ ಸಣ್ಣ ಮೆಟ್ಟಿಲುಗಳು. ಗಿರಾಕಿಗೆ ಹೇಳದೆ ಒಂದು ಮೆಟ್ಟಿಲು ಏರಿಸುತ್ತಾರೆ, ಎರಡು ಇಳಿಸುತ್ತಾರೆ. ಅವನ ಕುತ್ತಿಗೆ ಹಿಂದಕ್ಕೆ ವಾಲಿತೇ ಎಂದು ನೋಡುತ್ತಾರೆ. ಕಾಲು ತಾನಾಗಿ ಹಗುರಾಗಿ, ಗಿರಾಕಿ ಪೆಡಲನ್ನು ಮರೆತು ಬೇರೆ ಮಾತು ತೆಗೆದನೆಂದರೆ ಹದ ಸಿಕ್ಕಿತು. "ಅಲ್ಲಿಗೆ ಬಿಟ್ಬಿಡ್ಬೇಕು" ಎಂದರು.

ನಾನು ಕಂಡಂತೆ ಹೆಚ್ಚಿನ ಗಿರಾಕಿಗಳು ಸ್ಪೋರ್ಟ್ ಪ್ಲಸ್ ಕೇಳುತ್ತ ಬಂದು ಸಿಟಿಯಲ್ಲೋ ಸ್ಪೋರ್ಟಿನ ಕೆಳಗಿನ ಮೆಟ್ಟಿಲಿನಲ್ಲೋ ಸಂತೋಷವಾಗಿ ಮನೆಗೆ ಹೋಗುತ್ತಾರೆ. ಮಳೆಗಾಲದಲ್ಲಿ ಇನ್ನೂ ಇಳಿಸಿ ಎಂದು ಮೇಸ್ತ್ರಿ ಹೇಳಿ ಕಳಿಸುತ್ತಾರೆ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರಿಗಂತೂ ಹಾಕಿಕೊಡುವುದೇ ಇಲ್ಲ. ಅಪ್ಪಂದಿರನ್ನು ಕರೆದುಕೊಂಡು ಬಂದರೂ ಇಲ್ಲ.

ಪೊಲೊ ಜಿಟಿ ಸೇರುವ ಹಾಟ್ ಹ್ಯಾಚ್ ಎಂಬ ಜಾತಿಯ ಬಗ್ಗೆಯೂ ನಾಲ್ಕು ಮಾತು. ಮನೆಮಂದಿಯ ಸಣ್ಣ ಕಾರಿಗೆ ಜೋರಾದ ಎಂಜಿನ್ ಇಡುವ ಈ ಆಲೋಚನೆಗೆ ಲೋಕಪ್ರಸಿದ್ಧಿ ತಂದದ್ದು 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ವುಲ್ಫ್ಸ್‌ಬರ್ಗಿನ ಕೆಲವು ಎಂಜಿನಿಯರುಗಳು ಕಂಪನಿಯ ಅಧಿಕೃತ ಆದೇಶವಿಲ್ಲದೆ ಗುಟ್ಟಾಗಿ ಶುರುಮಾಡಿದ ಕಾರು ಅದು. 110 ಪಿಎಸ್ ಎಂಜಿನ್, ಬಾಷ್‌ನ ಇಂಧನ ಇಂಜೆಕ್ಷನ್. ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಿ ಅದಕ್ಕೆ ಚೌಕಳಿ ಸೀಟನ್ನೂ ಗಾಲ್ಫ್ ಚೆಂಡಿನ ಆಕಾರದ ಗೇರ್ ಗುಬಟೆಯನ್ನೂ ಕೊಟ್ಟರು. 5,000 ಕಾರು ಮಾರಿದರೆ ಸಾಕು ಎಂದುಕೊಂಡಿದ್ದರು. ಮೊದಲ ತಲೆಮಾರೇ ನಾಲ್ಕೂವರೆ ಲಕ್ಷ ದಾಟಿತು. ನಮ್ಮಲ್ಲಿ ಈ ರುಚಿ ಹತ್ತಿಸಿದ್ದು ಫಿಯೆಟ್ ಪಾಲಿಯೊ 1.6, ಆಮೇಲೆ 145 ಪಿಎಸ್‌ನ ಅಬಾರ್ತ್ ಪುಂಟೊ, ಬಲೆನೊ ಆರ್‌ಎಸ್. ಹೆಚ್ಚು ಮನೆ ಸೇರಿದ್ದು ಮಾತ್ರ ಪೊಲೊ ಜಿಟಿ.

ಕಾನೂನಿನ ವಿಷಯವನ್ನೂ ಮುಚ್ಚಿಡಬಾರದು. ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಡಬ್ಬಿಯನ್ನು ತೆಗೆದರೆ ಕಾರು ಮೊದಲಿನಂತಾಗುತ್ತದೆ ಎಂಬುದು ನಿಜ. ಆದರೆ ಎಲೆಕ್ಟ್ರಾನಿಕ್ ದೋಷ ಬಂದಾಗ ವಾರಂಟಿ ಕೊಡುವುದಿಲ್ಲ ಎಂದು ಕಂಪನಿ ತಕರಾರು ತೆಗೆಯಬಹುದು, ವಿಮೆಯವರೂ ಕೇಳಬಹುದು. ಹಾಕಿಸುವವರು ಇದನ್ನು ತಿಳಿದೇ ಹಾಕಿಸಬೇಕು, ವಿಮೆಯವರಿಗೆ ಬರೆದು ತಿಳಿಸುವುದು ಮೇಲು. ಸೈಲೆನ್ಸರ್ ಕಿತ್ತು ಬೀದಿಗೆಲ್ಲ ಕಿವುಡು ಹಿಡಿಸುವವರನ್ನೂ, ಒಂದು ಪೆಡಲಿನ ಹದಕ್ಕಾಗಿ ಮಧ್ಯಾಹ್ನವೆಲ್ಲ ಕಳೆಯುವ ಈ ಮೇಸ್ತ್ರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು ನನಗೆ ನ್ಯಾಯವೆನಿಸುವುದಿಲ್ಲ. ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಒಂದು ವ್ಯವಸ್ಥೆ ಇದ್ದರೆ ಇಂಥ ಕಸುಬು ತಲೆಯೆತ್ತಿ ನಡೆಯಬಹುದಿತ್ತು.

ಇತ್ತೀಚಿನ ಡಬ್ಬಿಗಳನ್ನು ಫೋನಿನಿಂದಲೇ ಹೊಂದಿಸಬಹುದು. ಕೊರಿಯರ್‌ನಲ್ಲಿ ತರಿಸಿ, ವಿಡಿಯೊ ನೋಡಿ, ಮನೆಯ ಮುಂದೆಯೇ ಸಿಕ್ಕಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಬಹಳ ಮಂದಿ ಮೊದಲ ದಿನವೇ ತುತ್ತತುದಿಯ ಮೆಟ್ಟಿಲಿಗೆ ಏರಿಸಿ, ಒಂದು ವಾರ ಜಗ್ಗಾಡಿ, ಡಬ್ಬಿಯೇ ಸರಿಯಿಲ್ಲವೆಂದು ಕಿತ್ತು ಮಾರುತ್ತಾರೆ. ಮೇಸ್ತ್ರಿ ಅಂಥವನ್ನು ಕಡಿಮೆ ಬೆಲೆಗೆ ಕೊಂಡು ಇಟ್ಟುಕೊಂಡಿದ್ದಾರೆ. ಗ್ಯಾರೇಜಿನಲ್ಲಿ ಇಬ್ಬರು ಹುಡುಗರಿದ್ದಾರೆ, ಚುರುಕಿನವರು. ಲ್ಯಾಪ್‌ಟಾಪ್ ಹಿಡಿದು ರೀಮ್ಯಾಪ್ ಮಾಡುವುದನ್ನು ಕಲಿತಿದ್ದಾರೆ, ಅದರಲ್ಲಿ ಸಂಪಾದನೆಯೂ ಹೆಚ್ಚು. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕಾಲು ನೋಡುವ ಕೆಲಸಕ್ಕೆ ಅವರನ್ನು ಕೂರಿಸಲು ಮೇಸ್ತ್ರಿ ನೋಡಿದರು. ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಗುತ್ತದೆ, ಅದಕ್ಕೆ ಬಿಲ್ ಹಾಕುವುದು ಹೇಗೆ ಎಂದು ಹುಡುಗರು ಕೇಳಿದರಂತೆ. ಉತ್ತರ ಹೇಳಲು ಮೇಸ್ತ್ರಿಗೆ ಆಗಲಿಲ್ಲ. ಅವರು ಎಂದೂ ಅದಕ್ಕೆ ಬಿಲ್ ಹಾಕಿದವರಲ್ಲ.

ಫೋಕ್ಸ್‌ವ್ಯಾಗನ್‌ನ ಚಾಕಣ್ ಕಾರ್ಖಾನೆ ಪೊಲೊ ತಯಾರಿಕೆಯನ್ನು 2022ರಲ್ಲಿ ನಿಲ್ಲಿಸಿತು. ಈಗ ಗ್ಯಾರೇಜಿಗೆ ಬರುವ ಜಿಟಿಗಳಲ್ಲಿ ಎರಡನೇ, ಮೂರನೇ ಮಾಲೀಕರದೇ ಹೆಚ್ಚು. ಹಿಂದಿನವರು ಹಾಕಿಸಿದ್ದ ಡಬ್ಬಿ ಸಮೇತ ಕೊಂಡವರೂ ಇದ್ದಾರೆ. ಅದು ಏನೆಂದು ತಿಳಿಯದೆ, ಗಾಡಿ ಯಾಕೋ ಜಗ್ಗುತ್ತದೆ ಎಂದು ಬರುತ್ತಾರೆ. ಮೇಸ್ತ್ರಿ ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹಳೆಯವರ ಕಾಲಿಗೆ ಹೊಂದಿಸಿದ್ದನ್ನು ಅಳಿಸಿ, ಮತ್ತೆ ಮೊದಲ ಮೆಟ್ಟಿಲಿನಿಂದ ಶುರುಮಾಡುತ್ತಾರೆ.